ಹದಿಮೂರರಲ್ಲಿ ಹತ್ತು ಎಲಿ

ನಮ್ಮ ನೇಸರಗಿಯಲ್ಲಿ ಇಸ್ಪೀಟು ಅಂದರೆ ಹಣೆಬರಹ. ಕೈಗೆ ಬಂದ ಎಲಿ ಆಡಬೇಕು, ಸೋತರೆ ಹಂಚಿದವನನ್ನು ಬೈಯಬೇಕು. ದಸರಾ ಸೂಟಿಗೆ ಬೆಂಗಳೂರಿನಿಂದ ಬಂದ ಅಣ್ಣನ ಮಗ ಈ ಸೌಕರ್ಯವನ್ನೇ ಕಿತ್ತುಕೊಂಡ. ಜೋಳದ ಚೀಲದ ಹಾಗೆ ಹೊತ್ತು ತಂದ ಡಬ್ಬಿ ಇಳಿಸಿದ: 2017ರ ‘ಗ್ಲೂಮ್‌ಹೇವನ್’. ಅದೊಂದು ಬೋರ್ಡ್ ಗೇಮ್: ಪುಟ್ಟ ಗೊಂಬೆ ನಿಲ್ಲಿಸಿ ಒಂದರ ಹಿಂದೊಂದು ಆಡುವ 95 ಕಾಳಗ. ಎಲಿ ನಾವೇ ಆರಿಸಬೇಕು, ಬೈಯಲು ಯಾರೂ ಇಲ್ಲ.

ನನಗೆ ಸಿಕ್ಕವನು ‘ಬ್ರೂಟ್’ ಎಂಬ ದಾಂಡಿಗ. 13ರಲ್ಲಿ 10 ಎಲಿ ತೆಗೆಯಬೇಕು. ಜೋರಾಗಿ ಹೊಡೆಯುವವನ್ನೆಲ್ಲ ಬಾಚಿಕೊಂಡೆ.

“ಕಾಕಾ, ಅವು ಒಮ್ಮೆ ಆಡಿದ್ರ ಹೋದ್ವು, ಮತ್ತ ಕೈಗೆ ಬರೂದಿಲ್ಲ.”

“ಬರದಿದ್ರ ಬ್ಯಾಡೋ, ಒಂದ ಏಟಿಗೆ ಮುಗಸ್ತೀನಿ!”

1824ರಲ್ಲಿ ಬ್ರಿಟಿಷ್ ಅಧಿಕಾರಿ ಥ್ಯಾಕರೆಯನ್ನು ಉರುಳಿಸಿದ ಕಿತ್ತೂರು ಸೀಮೆಯವ ನಾನು. ಆದರೆ ನಮ್ಮ ಸೀಮೆಯ ಸಂಗೊಳ್ಳಿ ರಾಯಣ್ಣ ಹೊಡೆದ ಮೇಲೆ ಅಡವಿ ಸೇರುತ್ತಿದ್ದ ಎಂಬುದು ನೆನಪಾಗಲಿಲ್ಲ.

ಪ್ರತಿ ಸರದಿಗೆ ಎರಡು ಎಲಿ: ಒಂದರ ಮೇಲರ್ಧ, ಇನ್ನೊಂದರ ಕೆಳಗರ್ಧ. ದಣಿವಾರಿಸಿಕೊಂಡಾಗಲೆಲ್ಲ ಒಂದು ಎಲಿ ಕಳೆಯುತ್ತದೆ; ಕೈ ಬರಿದಾದರೆ ಆಟದಿಂದ ಹೊರಗೆ. ಐದನೇ ತಾರೀಖಿಗೇ ಪಗಾರ ಮುಗಿಸಿದವನಂತೆ ನಾನು ಮೊದಲ ಕಾಳಗದ ಎರಡನೇ ಕೋಣೆಯಲ್ಲೇ ಕುಸಿದೆ.

ಮನೆಯವಳದು 12 ಎಲಿಯ ‘ಟಿಂಕರರ್’. ಗಾಯಕ್ಕೆ ಔಷಧ, ಶತ್ರುವಿಗೆ ಬಲೆ. ಸಾಸಿವೆ ಡಬ್ಬಿಯಲ್ಲಿ ರೊಕ್ಕ ಬಚ್ಚಿಟ್ಟು ತಿಂಗಳು ದಾಟಿಸುವ ಕೈ ಅದು, ಒಂದೊಂದೇ ಎಲಿ ಬಿಚ್ಚಿ ಕಾಳಗ ಗೆದ್ದಿತು.

ಇನ್ನು 94 ಬಾಕಿ. ದೀಪಾವಳಿಗೆ ನನ್ನ ಎಲಿ ಅವಳೇ ಆರಿಸುತ್ತಾಳಂತೆ.