ಎದೆಗೊಂದು ಪೇಪರ್

ಬೆಂಗಳೂರಿನ ಚಳಿಯನ್ನು ಹೊರಗಿನವರು ಯಾರೂ ಚಳಿ ಅಂತ ಒಪ್ಪುವುದಿಲ್ಲ. ದೆಹಲಿಯವರು ನಗುತ್ತಾರೆ, ಶಿಮ್ಲಾದವರು ಕನಿಕರಿಸುತ್ತಾರೆ, ಬೀದರಿನ ನನ್ನ ಗೆಳೆಯನಂತೂ “ಇದಕ್ಕೂ ಥಂಡಿ ಅಂತಾರೇನ್ರಿ?” ಅಂತ ಬನಿಯನ್ನಿನಲ್ಲೇ ಬಾಲ್ಕನಿಗೆ ಬಂದು ನಿಲ್ಲುತ್ತಾನೆ. ಅಂಕಿ-ಅಂಶಗಳೂ ಅವರ ಕಡೆಗೇ ಇವೆ. ಡಿಸೆಂಬರ್, ಜನವರಿಯ ನಮ್ಮ ಬೆಳಗುಗಳು ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸಿನಲ್ಲಿ ಓಡಾಡಿಕೊಂಡಿರುತ್ತವೆ. ಈ ಊರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿ 13ರಂದು. ಅದಾದ ಮೇಲೆ ಊರು ಆ ಮಟ್ಟದ ಪ್ರಯತ್ನವನ್ನೇ ಮಾಡಿಲ್ಲ. ಆದರೂ ದೀಪಾವಳಿಯ ಪಟಾಕಿ ಸದ್ದು ಅಡಗುವ ಮೊದಲೇ ನಮ್ಮ ಬೀದಿಯಲ್ಲಿ ಮಂಕಿ ಕ್ಯಾಪುಗಳು ಹೊರಬರುತ್ತವೆ. ನಾವು ಅಂಕಿಗೆ ಹೆದರುವ ಜನ ಅಲ್ಲ, ಚಳಿಗೆ ಹೆದರುವ ಜನ.

ಅಷ್ಟಕ್ಕೂ ಆ 15 ಎಂಬ ಅಂಕಿ ಬಂದದ್ದಾದರೂ ಎಲ್ಲಿಂದ? ಬಿಳಿ ಬಣ್ಣ ಬಳಿದ ಜಾಲರಿ ಗೂಡಿನೊಳಗೆ, ಬಿಸಿಲು ತಾಗದಂತೆ, ಗಾಳಿ ನೇರವಾಗಿ ಬಡಿಯದಂತೆ ನೆಮ್ಮದಿಯಾಗಿ ಕೂತಿರುವ ಥರ್ಮಾಮೀಟರಿನಿಂದ. ಅದು ಮನೆ ಬಿಟ್ಟು ಹೊರಗೆ ಬಂದಿದ್ದೇ ಇಲ್ಲ. ಅದನ್ನೊಮ್ಮೆ ಧನುರ್ಮಾಸದ ಬೆಳಗಿನ ಜಾವ ಐದು ಗಂಟೆಗೆ ಎಬ್ಬಿಸಿ, ಸೈಕಲ್ಲಿನ ಹ್ಯಾಂಡಲ್ ಮೇಲೆ ಕೂರಿಸಿಕೊಂಡು ಯಲಹಂಕದಿಂದ ದೇವನಹಳ್ಳಿ ರಸ್ತೆ ಹಿಡಿದು ನಂದಿಬೆಟ್ಟದ ಕಡೆ ಹೊರಡಬೇಕು. ಪಾಪ, ಅದು ಆಗಲೂ 15 ಅಂತಲೇ ಹೇಳುತ್ತದೆ. ಅದಕ್ಕೆ ಮೂಗಿಲ್ಲವಲ್ಲ.

ಚಳಿಯ ವಿಷಯದಲ್ಲಿ ಸೈಕಲ್ ಸವಾರನ ಪರಿಸ್ಥಿತಿಯೇ ಬೇರೆ. ಬೇರೆಯವರಿಗೆ ಚಳಿ ಬರುತ್ತದೆ. ಇವನು ತನ್ನ ಚಳಿಯನ್ನು ತಾನೇ ತುಳಿದು ತಯಾರಿಸಿಕೊಳ್ಳುತ್ತಾನೆ. ಮರದ ಎಲೆಯೂ ಅಲುಗದ ಬೆಳಗಿನಲ್ಲಿ ಗಂಟೆಗೆ ಇಪ್ಪತ್ತೈದು ಕಿಲೋಮೀಟರ್ ವೇಗದಲ್ಲಿ ಹೊರಟರೆ, ಅಷ್ಟೇ ವೇಗದ ಗಾಳಿ ಎದುರಿನಿಂದ ಮುಖಕ್ಕೆ ರಾಚುತ್ತದೆ. ಚಳಿಯಾಯಿತು, ಬೇಗ ತುಳಿದು ಮೈ ಬಿಸಿ ಮಾಡಿಕೊಳ್ಳೋಣ ಅಂದರೆ ಗಾಳಿ ಇನ್ನೂ ಜೋರಾಗುತ್ತದೆ. ನಿಧಾನ ಮಾಡಿದರೆ ಗಾಳಿ ತಗ್ಗುತ್ತದೆ, ಮೈಯ ಬಿಸಿಯೂ ಇಳಿಯುತ್ತದೆ. ನಿಂತುಬಿಟ್ಟರೆ ಸಮಸ್ಯೆಯೇ ಇಲ್ಲ, ಆದರೆ ನಿಲ್ಲುವುದಕ್ಕೆ ಮನೆಯೇ ಇತ್ತಲ್ಲ.

ಈ ಗಾಳಿಯ ಲೆಕ್ಕವನ್ನು ಮೊದಲು ಹಾಕಿದವರು ಪಾಲ್ ಸೈಪಲ್ ಮತ್ತು ಚಾರ್ಲ್ಸ್ ಪ್ಯಾಸೆಲ್ ಎಂಬ ಇಬ್ಬರು ಅಮೆರಿಕನ್ನರು. 1940ರ ದಶಕದ ಆರಂಭದಲ್ಲಿ ಅಂಟಾರ್ಕ್ಟಿಕಾದಲ್ಲಿ ಪ್ಲಾಸ್ಟಿಕ್ ಕೊಳವೆಗೆ ನೀರು ತುಂಬಿ, ಗಾಳಿಗೆ ಒಡ್ಡಿ, ಅದು ಎಷ್ಟು ಹೊತ್ತಿಗೆ ಹೆಪ್ಪುಗಟ್ಟುತ್ತದೆ ಅಂತ ನೋಡುತ್ತ ಕೂತರು. ಮುಂದೆ ಸುಧಾರಿಸಿದ ಅದೇ ಬಗೆಯ ಸೂತ್ರದ ಪ್ರಕಾರ, 10 ಡಿಗ್ರಿಯ ಬೆಳಗಿನಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗದ ಗಾಳಿ ಬಡಿದರೆ ಚರ್ಮಕ್ಕೆ ಅದು 6 ಡಿಗ್ರಿಯ ಚಳಿ. ನಂದಿಯಿಂದ ಇಳಿಯುವಾಗ 40ರ ವೇಗವೇನೂ ದೊಡ್ಡದಲ್ಲ. ಅಂದರೆ 1884ರ ದಾಖಲೆಯನ್ನು ನನ್ನಂಥವರು ಚಳಿಗಾಲದ ಭಾನುವಾರಗಳಲ್ಲಿ ಸದ್ದಿಲ್ಲದೆ ಮುರಿಯುತ್ತಲೇ ಇದ್ದೇವೆ. ಹವಾಮಾನ ಇಲಾಖೆಗೆ ಅದು ಗೊತ್ತಿಲ್ಲ, ಅಷ್ಟೇ.

ಹೊರಡುವ ಹೊತ್ತಿಗೆ ಬೀದಿಯ ಕೊನೆಯ ದೇವಸ್ಥಾನದಲ್ಲಿ ಮೈಕು ಆಗಲೇ ಎದ್ದಿರುತ್ತದೆ. ಧನುರ್ಮಾಸದಲ್ಲಿ ನಸುಕಿನ ಪೂಜೆ, ಆಮೇಲೆ ದೊನ್ನೆಯಲ್ಲಿ ಬಿಸಿ ಹುಗ್ಗಿ. ನಮ್ಮ ಮನೆಯವಳು ರಗ್ಗಿನೊಳಗಿನಿಂದಲೇ ಹೇಳುತ್ತಾಳೆ: “ಇಷ್ಟೊತ್ತಿಗೆ ಎದ್ದು ದೇವಸ್ಥಾನಕ್ಕಾದ್ರೂ ಹೋಗಿದ್ರೆ ಪುಣ್ಯ ಬರ್ತಿತ್ತು, ಹುಗ್ಗೀನೂ ಸಿಗ್ತಿತ್ತು.” ಎರಡೂ ನಿಜವಾದ್ದರಿಂದ ನಾನು ಉತ್ತರ ಕೊಡದೆ ಗೇಟು ತೆಗೆಯುತ್ತೇನೆ. ಗೇಟಿನ ಚಿಲಕ ಮುಟ್ಟಿದಾಗಲೇ ಕೈಗವಸು ಮರೆತದ್ದು ನೆನಪಾಗುವುದು.

ಈ ಹೊತ್ತಿನ ದೊಡ್ಡ ಅನುಕೂಲವೆಂದರೆ ನಾಯಿಗಳು. ಬೇಸಿಗೆಯಲ್ಲಿ ಅರ್ಧ ಫರ್ಲಾಂಗಿನ ತನಕ ಅಟ್ಟಿಸಿಕೊಂಡು ಬರುವ ಅದೇ ನಾಯಿಗಳು ಈಗ ಮರಳಿನ ಗುಡ್ಡೆಯ ಮೇಲೆ ಮೂಗನ್ನು ಬಾಲದೊಳಗೆ ತೂರಿಸಿ ಮಲಗಿರುತ್ತವೆ. ಸೈಕಲ್ ಹತ್ತಿರ ಬಂದಾಗ ಒಂದು ಕಣ್ಣು ತೆರೆದು, ಇವನಿಗೋಸ್ಕರ ಏಳಬೇಕೇ ಅಂತ ಯೋಚಿಸಿ, ಮುಚ್ಚಿಕೊಳ್ಳುತ್ತವೆ. ಅವುಗಳ ವಿವೇಕದಲ್ಲಿ ಕಾಲುಭಾಗ ನಮಗಿದ್ದಿದ್ದರೆ!

ಮೂಗಿನ ವಿಷಯ ಬಂತಲ್ಲ, ಅದನ್ನು ಹೇಳಿಯೇಬಿಡಬೇಕು. ಶ್ವಾಸಕೋಶಕ್ಕೆ ಹೋಗುವ ಗಾಳಿಯನ್ನು ಬಿಸಿ ಮಾಡಿ, ತೇವ ಮಾಡಿ ಕಳಿಸುವುದು ಮೂಗಿನ ಕೆಲಸ. ತಣ್ಣನೆಯ ಒಣಗಾಳಿ ಹೆಚ್ಚಾದಷ್ಟೂ ಅದು ಹೆಚ್ಚು ನೀರು ಸುರಿಸುತ್ತದೆ. ಅತಿ ನಿಷ್ಠೆಯ ನೌಕರನಿಂದ ಆಗುವ ತೊಂದರೆಯೇ ಇದು: ಕೇಳಿದ್ದಕ್ಕಿಂತ ಜಾಸ್ತಿ ಕೆಲಸ ಮಾಡಿ ಎಲ್ಲರೆದುರು ನಮ್ಮ ಮಾನ ತೆಗೆಯುತ್ತದೆ. ಎರಡೂ ಕೈ ಹ್ಯಾಂಡಲ್ ಮೇಲಿವೆ, ಕರ್ಚೀಫು ಪ್ಯಾಂಟಿನ ಜೇಬಿನಲ್ಲಿದೆ, ಹಿಂದೆ ಲಾರಿ ಬರುತ್ತಿದೆ. ಸೈಕಲ್ ಸವಾರರಿಗೆಂದೇ ಮಾಡಿದ ಕೈಗವಸುಗಳಲ್ಲಿ ಹೆಬ್ಬೆರಳಿನ ಮೇಲೆ ಒಂದು ಮೆತ್ತನೆಯ ಟವೆಲ್ ಬಟ್ಟೆಯ ತುಂಡು ಹೊಲಿದಿರುತ್ತದೆ. ಅಂಗಡಿಯವನು ಅದು ಬೆವರು ಒರೆಸಿಕೊಳ್ಳುವುದಕ್ಕೆ ಅನ್ನುತ್ತಾನೆ. ಕೊಳ್ಳುವವನೂ ಹೂಂಗುಟ್ಟುತ್ತಾನೆ. ಇಬ್ಬರೂ ಮರ್ಯಾದಸ್ಥರು.

ಯಲಹಂಕ ದಾಟಿದ ಮೇಲೆ ಚಳಿ ರಸ್ತೆಯುದ್ದಕ್ಕೂ ಒಂದೇ ಸಮ ಇರುವುದಿಲ್ಲ ಅನ್ನುವುದು ಗೊತ್ತಾಗುತ್ತದೆ. ಕಾರಿನಲ್ಲಿ ಹೋಗುವವರಿಗೆ ಇದು ಯಾವ ಜನ್ಮಕ್ಕೂ ತಿಳಿಯುವುದಿಲ್ಲ. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿಯಲ್ಲಿ ನೆಲ ಬಿಸಿ ಕಳೆದುಕೊಂಡು ತಣ್ಣಗಾಗುತ್ತದೆ. ನೆಲಕ್ಕೆ ತಾಗಿದ ಗಾಳಿ ತಣ್ಣಗಾಗಿ, ಭಾರವಾಗಿ, ಹಳ್ಳ ಇರುವ ಕಡೆ ಇಳಿದು ಕೂರುತ್ತದೆ. ದಿಬ್ಬದ ಮೇಲೆ ಸುಮಾರಾಗಿದ್ದ ಹವೆ ಕೆರೆಯಂಗಳದ ತಗ್ಗಿಗೆ ಇಳಿಯುತ್ತಲೇ ಮೊಣಕಾಲನ್ನು ಹಿಡಿದುಕೊಳ್ಳುತ್ತದೆ. ಮಂಜೂ ಅಲ್ಲೇ ಬಿದ್ದಿರುತ್ತದೆ. ಒಂದು ಕಡೆ ದ್ರಾಕ್ಷಿ ಚಪ್ಪರ, ಇನ್ನೊಂದು ಕಡೆ ಅವರೆ ಹೊಲ. ಅವರೆಯ ಸೊಗಡಿನ ವಾಸನೆ ಆ ಮಂಜಿನಲ್ಲಿ ನೆನೆದು, ನೀರಿಳಿಯುವ ಮೂಗಿಗೂ ತಲುಪುತ್ತದೆ. ವಿಮಾನ ನಿಲ್ದಾಣದಲ್ಲಿ ರಾಡಾರು, ದೀಪ, ಪೈಲಟ್ಟು ಎಲ್ಲ ಇದ್ದೂ ಇದೇ ಮಂಜಿಗೆ ವಿಮಾನಗಳು ತಡವಾಗಿ ಹೊರಡುವುದುಂಟು. ಅದೇ ಮಂಜಿನಲ್ಲಿ ನಾನು ಕಿರುಬೆರಳಿನಷ್ಟು ಕೆಂಪು ದೀಪ ಹಚ್ಚಿಕೊಂಡು, ಬೆಲ್ಲು ಹೊಡೆಯುತ್ತ ಹೊರಟಿರುತ್ತೇನೆ. ಕನ್ನಡಕದ ಗಾಜಿನ ಮೇಲೆ ಹನಿ ಕೂತು, ಎದುರಿನ ಲಾರಿಯ ಒಂದು ದೀಪ ಹದಿನಾರಾಗಿ ಕಾಣುತ್ತದೆ.

ನಂದಿಬೆಟ್ಟ ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದಲ್ಲಿದೆ. ಮಾರ್ಕ್ ಕಬ್ಬನ್ ಸಾಹೇಬರ ಕಾಲದಲ್ಲಿ ಬ್ರಿಟಿಷರು ಬೇಸಿಗೆಯ ಸೆಕೆ ತಾಳಲಾರದೆ ಅಲ್ಲಿಗೆ ಹೋಗಿ ತಂಗುತ್ತಿದ್ದರು. ತಂಪು ಬೇಕೆಂದು ಬೇಸಿಗೆಯಲ್ಲಿ ಬೆಟ್ಟ ಹತ್ತುವುದರಲ್ಲಿ ಒಂದು ಅರ್ಥವಿದೆ. ಜನವರಿಯಲ್ಲಿ, ಅದೂ ಪೆಡಲ್ ತುಳಿದು, ಹತ್ತುವುದಕ್ಕೆ ಅರ್ಥ ಹುಡುಕುವ ಕೆಲಸವನ್ನು ನಾನು ಇನ್ನೂ ಮುಂದೂಡುತ್ತಲೇ ಇದ್ದೇನೆ. ಹತ್ತುವಾಗ ಮಾತ್ರ ಚಳಿಯ ಸುಳಿವಿಲ್ಲ. ನಾವು ತಿಂದ ಇಡ್ಲಿಯ ಶಕ್ತಿಯಲ್ಲಿ ಸುಮಾರು ಕಾಲುಭಾಗ ಪೆಡಲಿಗೆ ಹೋದರೆ ಮುಕ್ಕಾಲು ಭಾಗ ಬಿಸಿಯಾಗಿ ಹೊರಬೀಳುತ್ತದೆ. ವೇಗ ಕಡಿಮೆ, ಗಾಳಿ ಇಲ್ಲ. ಎರಡನೇ ತಿರುವಿಗೆ ಸ್ವೆಟರ್ ಬೇಡವಾಗುತ್ತದೆ, ನಾಲ್ಕನೆಯದಕ್ಕೆ ಮಫ್ಲರ್ ಬಿಚ್ಚಿ ಹ್ಯಾಂಡಲ್‌ಗೆ ಕಟ್ಟುತ್ತೇವೆ, ಆಮೇಲೆ ಬಚ್ಚಲ ಹಂಡೆಯಿಂದ ಏಳುವಂತೆ ತಲೆಯಿಂದ ಆವಿ ಏಳುತ್ತದೆ. ಪಕ್ಕದಲ್ಲಿ ಐ.ಟಿ. ಕಂಪನಿಯ ಹುಡುಗರು ನನ್ನ ಸ್ಕೂಟರಿಗಿಂತ ದುಬಾರಿಯಾದ ಸೈಕಲ್ಲುಗಳಲ್ಲಿ “ಗುಡ್ ಮಾರ್ನಿಂಗ್ ಅಂಕಲ್” ಅಂತ ದಾಟಿಹೋಗುತ್ತಾರೆ. ಅದೂ ಒಂದು ಬಿಸಿಯೇ.

ನಿಜವಾದ ಕಥೆ ಇರುವುದು ಇಳಿಯುವಾಗ. ಮೇಲೆ ಟೀ ಕುಡಿಯುತ್ತ ನಿಂತರೆ ಬೆನ್ನಿನ ಬೆವರು ತಣ್ಣಗಾಗಿ, ಬನಿಯನ್ನು ಬೆನ್ನಿಗೆ ಅಂಟಿಕೊಳ್ಳುತ್ತದೆ. ಗಾಜಿನ ಲೋಟವನ್ನು ಎರಡೂ ಅಂಗೈಯಲ್ಲಿ ಹಿಡಿದು, ಒಮ್ಮೆ ಬಲಗೆನ್ನೆಗೆ, ಒಮ್ಮೆ ಎಡಗೆನ್ನೆಗೆ ಒತ್ತಿಕೊಂಡು ನಿಂತವನನ್ನು ಕಂಡು ಟೀ ಅಂಗಡಿಯವನು “ಕುಡೀರಿ ಸಾರ್, ಆರೋಗುತ್ತೆ” ಅಂತಾನೆ. ಕುಡಿದರೆ ಕೈಗೇನು ಗತಿ ಅಂತ ಅವನಿಗೆ ಹೇಗೆ ತಿಳಿಯಬೇಕು? ಇಳಿಜಾರಿನಲ್ಲಿ ತುಳಿಯುವ ಕೆಲಸವಿಲ್ಲ, ಆದ್ದರಿಂದ ಒಳಗಿನ ಒಲೆ ಆರಿರುತ್ತದೆ. ಗಾಳಿ ಮಾತ್ರ ಹತ್ತುವಾಗಿನ ನಾಲ್ಕು ಪಟ್ಟು. ಬೆರಳುಗಳಿಗೆ ಬ್ರೇಕ್ ಹಿಡಿದಿದ್ದೇವೋ ಬಿಟ್ಟಿದ್ದೇವೋ ಗೊತ್ತಾಗುವುದಿಲ್ಲ. ತಿರುವು ಬಂದಾಗ ಸೈಕಲ್ ನಿಧಾನವಾದರೆ ಹಿಡಿದಿದ್ದೇವೆ ಅಂತ ತಿಳಿದುಕೊಳ್ಳಬೇಕು.

ಇದಕ್ಕೆ ಮದ್ದು ದಿನಪತ್ರಿಕೆ. ಇದು ನನ್ನ ಸಂಶೋಧನೆಯಲ್ಲ. ಯುರೋಪಿನ ಹಳೆಯ ರೇಸುಗಾರರು ಬೆಟ್ಟದ ನೆತ್ತಿಯಲ್ಲಿ ನಿಂತ ಜನರ ಕೈಯಿಂದ ಪೇಪರ್ ಇಸಿದುಕೊಂಡು, ಅಂಗಿಯೊಳಗೆ ಎದೆಗೆ ಸಿಕ್ಕಿಸಿಕೊಂಡು ಇಳಿಯುತ್ತಿದ್ದರು. ಅವರ ಚಳಿಯ ಮುಂದೆ ನಮ್ಮದು ಶೀತವೂ ಅಲ್ಲ, ಸೀನು. 1980ರಲ್ಲಿ ಬೆಲ್ಜಿಯಮ್ಮಿನ ಲೀಜ್–ಬಾಸ್ತೋನ್–ಲೀಜ್ ರೇಸು ಹಿಮಪಾತದಲ್ಲೇ ನಡೆದು, ಹೊರಟ 174 ಮಂದಿಯಲ್ಲಿ ಮುಗಿಸಿದವರು 21 ಮಂದಿ. ಗೆದ್ದವನು ಫ್ರಾನ್ಸಿನ ಬರ್ನಾರ್ ಇನೋ, ಎರಡನೆಯವನಿಗಿಂತ ಒಂಬತ್ತು ನಿಮಿಷಕ್ಕೂ ಹೆಚ್ಚು ಮುಂದೆ. ಅಷ್ಟು ಅವಸರ ಯಾಕೆಂದರೆ, ನನ್ನ ಪ್ರಕಾರ, ಬಿಸಿನೀರಿನ ಸ್ನಾನ. 1988ರ ಇಟಲಿಯ ರೇಸಿನಲ್ಲಿ, ಜೂನ್ ತಿಂಗಳಲ್ಲಿ, ಗಾವಿಯಾ ಕಣಿವೆಯ ಮೇಲೆ ಹಿಮ ಸುರಿದಾಗ ಆಂಡಿ ಹ್ಯಾಂಪ್‌ಸ್ಟನ್ ಎಂಬ ಅಮೆರಿಕನ್ ಮೈಗೆಲ್ಲ ಜಿಡ್ಡು ಬಳಿದುಕೊಂಡು ಸೈಕಲ್ ಹೊಡೆದು ಆ ದಿನ ಎರಡನೆಯವನಾಗಿ ಮುಗಿಸಿದ, ಕೊನೆಗೆ ರೇಸನ್ನೇ ಗೆದ್ದ.

ಜಿಡ್ಡಿನ ಪ್ರಯೋಗಕ್ಕೆ ನಮ್ಮ ಮನೆಯಲ್ಲಿ ಅನುಮತಿ ಸಿಗುವಂತಿಲ್ಲ. ಪೇಪರ್ ಹಾಗಲ್ಲ. ಯಲಹಂಕದ ಸರ್ಕಲ್ಲಿನಲ್ಲಿ ಐದು ಗಂಟೆಗೆ ಪೇಪರ್ ಹಾಕುವವರು ಫುಟ್‌ಪಾತಿನ ಮೇಲೆ ಬೀದಿದೀಪದಡಿ ಕೂತು, ಪುರವಣಿಯೊಳಗೆ ಸೀರೆ ಅಂಗಡಿಯ ಪಾಂಪ್ಲೆಟ್ ತೂರಿಸುತ್ತಿರುತ್ತಾರೆ. ಅವರಲ್ಲೊಬ್ಬ ನನಗೆ ಕಾಯಂ. ಹವಾಯಿ ಚಪ್ಪಲಿ, ತೋಳು ಹರಿದ ಸ್ವೆಟರ್, ಕಿವಿಗೆ ಸುತ್ತಿದ ಟವೆಲ್. ಹ್ಯಾಂಡಲ್‌ಗೂ ಕ್ಯಾರಿಯರ್‌ಗೂ ಪೇಪರ್ ಕಟ್ಟು ಹೇರಿದ ಅವನ ಸೈಕಲ್ ಮುಂದೆ ನನ್ನದು ಆಟದ ಸಾಮಾನು. ನಾನು ದುಡ್ಡು ಕೊಟ್ಟು ಪೇಪರ್ ತೆಗೆದುಕೊಂಡು, ತಲೆಬರಹವನ್ನೂ ನೋಡದೆ ನಾಲ್ಕು ಮಡಿಕೆ ಮಾಡಿ ಬ್ಯಾಗಿಗೆ ಹಾಕಿಕೊಳ್ಳುವುದನ್ನು ಅವನು ಬಹಳ ದಿನ ಸುಮ್ಮನೆ ನೋಡಿದ. ಆಮೇಲೆ ವಿಷಯ ತಿಳಿದು, ಪಕ್ಕದವನಿಗೆ ಹೇಳಿ ಇಬ್ಬರೂ ನಕ್ಕರು.

ಪೇಪರಿನಲ್ಲೂ ತರತಮ ಇದೆ. ಅದರ ಪದರಗಳ ನಡುವೆ ಗಾಳಿ ಸಿಕ್ಕಿಕೊಂಡು ಬಿಸಿ ಹಿಡಿದಿಡುತ್ತದೆ, ಹೊರಗಿನ ಗಾಳಿಯನ್ನು ತಡೆಯುತ್ತದೆ, ಬೆವರನ್ನೂ ಹೀರುತ್ತದೆ. ಒರಟು ಕಾಗದದ ಮುಖ್ಯ ಸಂಚಿಕೆ ಉತ್ತಮ. ನುಣುಪು ಕಾಗದದ ರಿಯಲ್ ಎಸ್ಟೇಟ್ ಪುರವಣಿ ಬೆವರು ಹೀರುವುದಿಲ್ಲ, ಜಾರಿ ಹೊಟ್ಟೆಗೆ ಬರುತ್ತದೆ. ಲಕ್ಷುರಿ ವಿಲ್ಲಾಗಳಿಂದ ನನಗೆ ಯಾವ ಕಾಲಕ್ಕೂ ಉಪಕಾರವಾಗಿಲ್ಲ. ಉಸಿರೆಳೆದಾಗೆಲ್ಲ ಎದೆ ಪರಪರ ಅನ್ನುತ್ತದೆ. ಒಮ್ಮೆ ಮನೆಗೆ ಬಂದು ಅಂಗಿ ಬಿಚ್ಚಿದರೆ ಬನಿಯನ್ನಿನ ಮೇಲೆ ಮಸಿ ಹತ್ತಿ ವೃಶ್ಚಿಕ ರಾಶಿಯ ಭವಿಷ್ಯ ತಿರುವುಮುರುವಾಗಿ ಮೂಡಿತ್ತು. ನಮ್ಮವಳು ಕನ್ನಡಿ ಹಿಡಿದು ಓದಿದಳು: ಪ್ರಯಾಣದಲ್ಲಿ ಎಚ್ಚರ, ಗೃಹದಲ್ಲಿ ಕಿರಿಕಿರಿ. ನನ್ನದು ಮಿಥುನ ಅಂದೆ. ಎರಡನೆಯದು ಎಲ್ಲ ರಾಶಿಗೂ ಅನ್ವಯಿಸುತ್ತೆ ಅಂದಳು.

ತಂಗಿಯ ಮಗಳು ಇರುವುದು ಫಿನ್‌ಲ್ಯಾಂಡಿನ ಔಲು ಪಟ್ಟಣದಲ್ಲಿ. ಚಳಿಗಾಲದ ಸೈಕಲ್ಲಿಗೆ ಅದು ಕಾಶಿ ಇದ್ದಂತೆ; ಇದಕ್ಕೆಂದೇ ನಡೆಯುವ ಅಂತರರಾಷ್ಟ್ರೀಯ ಸಮ್ಮೇಳನವನ್ನು 2013ರಲ್ಲಿ ಮೊದಲು ಮಾಡಿದ್ದು ಅಲ್ಲೇ. ರಸ್ತೆಗಿಂತ ಮೊದಲು ಸೈಕಲ್ ದಾರಿಯ ಹಿಮ ಗುಡಿಸುತ್ತಾರಂತೆ, ಟೈರಿನಲ್ಲಿ ಉಕ್ಕಿನ ಮೊಳೆ ಇರುತ್ತವಂತೆ, ಶಾಲೆಯ ಮಕ್ಕಳು ಸೊನ್ನೆಗಿಂತ ಎಷ್ಟೋ ಕೆಳಗೂ ಸೈಕಲ್ಲಿನಲ್ಲೇ ಹೋಗುತ್ತಾರಂತೆ. ನಾನು ನನ್ನ 14 ಡಿಗ್ರಿಯ ಸಾಹಸ ಹೇಳಿಕೊಂಡಾಗ ಫೋನಿನಲ್ಲಿ ಸ್ವಲ್ಪ ಹೊತ್ತು ಸದ್ದಿರಲಿಲ್ಲ. “ಮಾವ, ಇಲ್ಲಿ ಜುಲೈ ತಿಂಗಳಲ್ಲೂ ಎಷ್ಟೋ ದಿನ ಅಷ್ಟೇ ಇರುತ್ತೆ. ನಾವು ಐಸ್‌ಕ್ರೀಮ್ ತಿಂತಿರ್ತೀವಿ.”

ನಾನೂ ಬಿಡಲಿಲ್ಲ. ನಿಮ್ಮಲ್ಲಿ ಚಳಿ ಬಾಗಿಲಾಚೆ ಇರುತ್ತದೆ ತಾಯಿ, ಒಳಗೆ ಹೀಟರು ಇರುತ್ತದೆ. ನಮ್ಮಲ್ಲಿ ಒಳಗೂ ಹೊರಗೂ ಒಂದೇ. ಮೊಸಾಯಿಕ್ ನೆಲಕ್ಕೆ ಕಾಲಿಟ್ಟ ಕೂಡಲೇ ಶುರುವಾಗುತ್ತದೆ. ನಾನು ಸೈಕಲ್ ಹತ್ತುವುದು ಬೆಚ್ಚನೆಯ ಮನೆಯಿಂದ ಎದ್ದು ಬಂದಲ್ಲ, ಆಗಲೇ ನಡುಗುತ್ತ ಬಂದು, ಅಂದೆ. ಅವಳಿಗೆ ಮರುಕ ಹುಟ್ಟಿರಬೇಕು, ಹ್ಯಾಂಡಲ್‌ಗೆ ಹಾಕುವ ದಪ್ಪ ಉಣ್ಣೆಯ ಚೀಲಗಳನ್ನು ಪಾರ್ಸಲ್ ಮಾಡಿದಳು. ಕೈಯನ್ನು ಬ್ರೇಕಿನ ಸಮೇತ ಅದರೊಳಗೆ ತೂರಿಸಿ ಕೂರುವುದು. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತದೆ. ಪಾರ್ಸಲ್ ಬಂದದ್ದು ಅದರ ಹಿಂದಿನ ವಾರ. ನಾನು ಹಾಕಿ ನೋಡಿದೆ. ಯಲಹಂಕ ದಾಟುವುದರೊಳಗೆ ಅಂಗೈಯಲ್ಲಿ ಬೆವರು.

ಸರಿ, ಇದು ಸಲ್ಲಬೇಕಾದವನಿಗೇ ಸಲ್ಲಲಿ ಅಂತ ಪೇಪರಿನವನಿಗೆ ಕೊಟ್ಟೆ. ಮಾರನೆಯ ದಿನ ಅವನು ಅವನ್ನು ನೀಟಾಗಿ ಮಡಿಸಿ, ರಬ್ಬರ್ ಬ್ಯಾಂಡ್ ಹಾಕಿ, ವಾಪಸ್ ಹಿಡಿದ.

“ಚೆನ್ನಾಗೈತೆ ಸಾರ್. ಆದ್ರೆ ಪೇಪರ್ ಎಸೆಯೋಕೆ ಮನೆ ಮನೆಗೂ ಕೈ ಹೊರಗೆ ತೆಗೀಬೇಕಲ್ಲ. ಮೊದಲನೇ ಮನೇಲೇ ಕೈ ಸಿಕ್ಕಾಕ್ಕೊಂಡು ಪೇಪರ್ ಮೋರಿಗೆ ಬಿತ್ತು.”

ನಾನು ಚೀಲಗಳನ್ನು ಬ್ಯಾಗಿಗೆ ತುರುಕಿ, ಎಂದಿನಂತೆ ಒಂದು ಪೇಪರ್ ಕೊಡು ಅಂತ ದುಡ್ಡು ಚಾಚಿದೆ. ಅವನು ದುಡ್ಡು ಮುಟ್ಟಲಿಲ್ಲ. ಕಟ್ಟಿನ ಅಡಿಯಿಂದ ಹಳೆಯದೊಂದನ್ನು ಎಳೆದು ಕೊಟ್ಟ.

“ಎದೆಗಾದ್ರೆ ನಿನ್ನೇದು ಸಾಕು ಸಾರ್. ಇವತ್ತಿಂದು ಓದೋರಿಗಿರಲಿ.”