ಉಬ್ಬರ ನೋಡಿ ಊಟ

ನವಿ ಮುಂಬಯಿಯ ರಬಾಳೆ ಸ್ಟೇಷನ್ನಿನಲ್ಲಿ ಇಳಿದು ಐದು ನಿಮಿಷ ನಡೆದರೆ ನಮ್ಮ ಕುಂದಾಪುರದವರ ಹೋಟೆಲು. ಗಲ್ಲೆಯ ಹಿಂದಿನ ಗೋಡೆಯಲ್ಲಿ ಮೂರು ಕಾಗದಗಳು: ದರಪಟ್ಟಿ, ಮೂಕಾಂಬಿಕೆಯ ಕ್ಯಾಲೆಂಡರು, ಮಳೆಗಾಲದ ಉಬ್ಬರದ ವೇಳಾಪಟ್ಟಿ. ಜುಲೈ ಬಂತೆಂದರೆ ಅವರು ಊದುಬತ್ತಿ ಹಚ್ಚಿ ಮೂರಕ್ಕೂ ಬೆಳಗುತ್ತಾರೆ. ಒಳಗೆ ಗ್ರೈಂಡರು ಇಟ್ಟಿಗೆಗಳ ಮೇಲೆ ನಿಂತಿದೆ, ಒಂದೊಂದು ಕಾಲಿಗೆ ಮೂರು ಮೂರು. ನಾನು ಮೊದಲು ನೋಡಿದಾಗ ಒಂದೊಂದೇ ಇತ್ತು. ಈ ಭಾಗದಲ್ಲಿ ಹಾಕಿದ ನೆರೆ ನಿಯಂತ್ರಣದ ಯೋಜನೆಗಳಲ್ಲಿ ಹೇಳಿದ ದಿನಕ್ಕೆ, ಹೇಳಿದ ಖರ್ಚಿನಲ್ಲಿ ಮುಗಿದದ್ದು ನಾನು ಕಂಡಂತೆ ಇದೊಂದೇ.

ನಮ್ಮ ಭೂಗೋಳ ತೀರಾ ಸರಳ. ಪೂರ್ವಕ್ಕೆ ಪಾರ್ಸಿಕ್ ಗುಡ್ಡ, ಪಶ್ಚಿಮಕ್ಕೆ ಸಮುದ್ರದ ತೋಳಾದ ಠಾಣೆ ಖಾಡಿ. ನಡುವೆ ಎಂಐಡಿಸಿಯ ಕಾರ್ಖಾನೆಗಳು, ಠಾಣೆ-ಬೇಲಾಪುರ ರಸ್ತೆ, ರೈಲು ಹಳಿ, ಆಮೇಲೆ ನಾವು. ಗುಡ್ಡದ ಮೇಲೆ ಬಿದ್ದ ಮಳೆ ಖಾಡಿ ಸೇರಬೇಕಾದರೆ ಇಷ್ಟನ್ನೂ ದಾಟಿ ನಮ್ಮನ್ನು ಮಾತಾಡಿಸಿಕೊಂಡೇ ಹೋಗಬೇಕು. ಅದು ಹಾಗೆ ಹೊರಟ ಹೊತ್ತಿಗೇ ಖಾಡಿಯಲ್ಲಿ ಉಬ್ಬರವಿದ್ದರೆ ಅತ್ತಲಿನ ಬಾಗಿಲು ಬಂದ್. ಬಂದ ನೆಂಟ ಹೊರಡುವುದಿಲ್ಲ.

ಇದು ಮೊದಲೇ ಯಾರಿಗೂ ತಿಳಿದಿರಲಿಲ್ಲ ಎಂದರೆ ಪಾಪ ಬಂದೀತು. 1970ರಲ್ಲಿ ಹುಟ್ಟಿದ ಸರಕಾರಿ ನಗರ ನಿರ್ಮಾಣ ಸಂಸ್ಥೆ ಸಿಡ್ಕೋ, ಉಬ್ಬರದ ಮಟ್ಟಕ್ಕಿಂತ ತಗ್ಗಾದ ಜೌಗು ನೆಲದಲ್ಲಿ ಊರು ಕಟ್ಟಲು ಹೊರಟಾಗ ಸಮುದ್ರದ ಜೊತೆ ಸಂಸಾರ ಮಾಡಿ ಪಳಗಿದ ಡಚ್ಚರ ಪಾಠ ಹಿಡಿಯಿತು. ಊರಂಚಿನಲ್ಲಿ ದೊಡ್ಡ ಕೆರೆಗಳು, ಅವುಗಳ ಬಾಯಿಗೆ ರೆಕ್ಕೆಬಾಗಿಲು. ಖಾಡಿ ಏರಿದಾಗ ಆ ನೀರಿನ ಒತ್ತಡಕ್ಕೇ ಬಾಗಿಲು ಮುಚ್ಚಿಕೊಳ್ಳುತ್ತದೆ. ಅಷ್ಟು ಹೊತ್ತು ಸುರಿದ ಮಳೆ ಕೆರೆಯಲ್ಲಿ ಕಾಯುತ್ತದೆ. ಇಳಿತವಾದೊಡನೆ ಒಳಗಿನ ನೀರು ತಾನೇ ಬಾಗಿಲು ತಳ್ಳಿಕೊಂಡು ಹೋಗುತ್ತದೆ. ಆ ಬಾಗಿಲಿಗೆ ಪಂಪು ಬೇಡ, ಕರೆಂಟು ಬೇಡ, ಸಾಹೇಬರ ಸಹಿ ಬೇಡ. ಪಾಲಿಕೆಯ ಹದ್ದಿನಲ್ಲಿ ಇಂಥ 11 ಕೆರೆಗಳಿವೆ. ಇದರ ಮುಂದೆ ಕೈಮುಗಿಯಬೇಕು ಎನ್ನಿಸುವಷ್ಟು ಜಾಣ ಕೆಲಸ. ಒಂದೇ ಷರತ್ತು: ಕೆರೆ ಖಾಲಿ ಇರಬೇಕು.

ಖಾಲಿ ಇರುವುದನ್ನು ಖಾಲಿಯಾಗಿಯೇ ಉಳಿಸುವುದು ನಮ್ಮ ಜಾಯಮಾನವಲ್ಲ. ವರ್ಷವರ್ಷವೂ ಹೂಳು ಬಂತು, ಯಾರೂ ತೆಗೆಯಲಿಲ್ಲ. ಹೂಳಿನ ಮೇಲೆ ಕಾಂಡ್ಲಾ, ಅಂದರೆ ಮ್ಯಾಂಗ್ರೋವ್, ಬೆಳೆಯಿತು. ಅದು ಟೆಂಡರಿಲ್ಲದೆ ಬಂದು, ಬಿಲ್ಲಿಲ್ಲದೆ ಬೆಳೆದು, ಕೆಲಸ ಪೂರ್ತಿ ಮಾಡಿದ ಈ ಊರಿನ ಏಕೈಕ ಗುತ್ತಿಗೆದಾರ. ಅದರ ಮೇಲೆ ನನ್ನದೇನೂ ದೂರಿಲ್ಲ. ಆದರೆ ಕಾಂಡ್ಲಾ ಬಂತೆಂದರೆ ಕಾನೂನೂ ಬಂತು. ಮುಂಬಯಿ ಹೈಕೋರ್ಟಿನ 2018ರ ತೀರ್ಪಿನಂತೆ ಸಾರ್ವಜನಿಕ ಹಿತದ ಕೆಲಸಕ್ಕಲ್ಲದೆ ಅದನ್ನು ಕಡಿಯುವಂತಿಲ್ಲ, ಸುತ್ತಲಿನ 50 ಮೀಟರ್ ಜಾಗವನ್ನೂ ಮುಟ್ಟುವಂತಿಲ್ಲ. ಸರಿಯಾದ ತೀರ್ಪೇ. ಹೀಗಾಗಿ ಹೂಳು ತೆಗೆಯದ ಸೋಮಾರಿತನಕ್ಕೆ ಈಗ ಅರಣ್ಯದ ಗೌರವ. ಇನ್ನು ಹೂಳೆತ್ತಬೇಕಾದರೆ ತಜ್ಞರ ವರದಿ, ಪರವಾನಗಿ, ಕೋರ್ಟಿನ ಅಪ್ಪಣೆ. ಮೊದಲು ಬೇಕಾಗಿದ್ದದ್ದು ಒಂದು ಜೆಸಿಬಿ.

ಡಚ್ಚರಿಗೆ ಇದನ್ನು ಹೇಗೆ ವಿವರಿಸುವುದೋ ತಿಳಿಯದು. 1953ರ ನೆರೆಯಲ್ಲಿ 1,800ಕ್ಕೂ ಹೆಚ್ಚು ಜನರನ್ನು ಕಳೆದುಕೊಂಡ ಮೇಲೆ ಅವರು ದಶಕಗಟ್ಟಲೆ ಕೂತು ಒಡ್ಡು ಕಟ್ಟಿದರು. ಅದೂ ಸಾಲದೆಂದು ಹೊಲಗದ್ದೆ ಬಿಟ್ಟುಕೊಟ್ಟು ನದಿಗೇ ಜಾಗ ಮಾಡಿದರು. ನಾವು 2005ರ ಜುಲೈ 26ರಂದು ಸಾಂತಾಕ್ರೂಜ್ ಒಂದರಲ್ಲೇ 944 ಮಿಲಿಮೀಟರ್ ಮಳೆ ಕಂಡವರು. ಪ್ರತಿ ವರ್ಷ ಅದೇ ತಾರೀಖಿನಂದು ಅದರ ಫೋಟೋ ಒಬ್ಬರಿಗೊಬ್ಬರು ಕಳಿಸಿಕೊಳ್ಳುತ್ತೇವೆ.

ಇನ್ನು ನಮ್ಮ ವಾರ್ಷಿಕ ಜಾತ್ರೆ, ಅಂದರೆ ನಾಲೇಸಫಾಯಿ. ಮೇ ತಿಂಗಳಲ್ಲಿ ನಮ್ಮ ಓಣಿಯ ನಾಲೆಗೆ ಯಂತ್ರ ಬರುತ್ತದೆ. ಕರಿ ಹೂಳು, ಹಾಲಿನ ತೊಟ್ಟೆ, ಒಂಟಿ ಚಪ್ಪಲಿ, ಹೋದ ವರ್ಷದ ಗಣಪತಿಯ ಥರ್ಮೋಕೋಲ್ ಮಂಟಪ ಎಲ್ಲ ಮೇಲೆ ಬಂದು ನಾಲೆಯ ದಂಡೆಯಲ್ಲೇ ಗುಡ್ಡೆಯಾಗುತ್ತದೆ. ಒಣಗಬೇಕಂತೆ, ಹಸಿ ಹೂಳನ್ನು ಸಾಗಿಸಿದರೆ ಲಾರಿಯವನಿಗೆ ನಷ್ಟ. ಅದು ಒಣಗುತ್ತಾ ಇರುವಾಗ ಮೊದಲ ಮಳೆ ಬಂದು, ಗುಡ್ಡೆಯನ್ನು ಜೋಪಾನವಾಗಿ ನಾಲೆಯ ಹೊಟ್ಟೆಗೇ ಇಳಿಸುತ್ತದೆ. ನೂರಕ್ಕೆ ನೂರು ಸಫಾಯಿ ಎಂಬ ವರದಿ ಮಾತ್ರ ಅಷ್ಟರಲ್ಲಿ ಒಣಗಿ, ಫೈಲು ಸೇರಿರುತ್ತದೆ. 2025ರಲ್ಲಿ ಮಳೆಗಾಲ ಮೇ 26ಕ್ಕೇ ಮುಂಬಯಿಗೆ ಬಂದುಬಿಟ್ಟಿತು, ವಾಡಿಕೆಗಿಂತ 16 ದಿನ ಮೊದಲು. ಗಡುವಿಗೆ ಮುಂಚೆ ಬರುವ ಅಭ್ಯಾಸ ಈ ಕಡೆ ಯಾರಿಗೂ ಇಲ್ಲವಾದ್ದರಿಂದ ಎಲ್ಲರಿಗೂ ಗಾಬರಿ. ಅದೇ ತಿಂಗಳು ಅತ್ತ ಮುಂಬಯಿಯಲ್ಲಿ ಮೀಠಿ ನದಿಯ ಹೂಳೆತ್ತುವಲ್ಲಿ 65 ಕೋಟಿ ರೂಪಾಯಿಗೂ ಹೆಚ್ಚಿನ ಮೋಸದ ಆರೋಪದ ಮೇಲೆ ಪೊಲೀಸರು ಪ್ರಕರಣ ದಾಖಲಿಸಿದರು. ಹೂಳಿನಲ್ಲಿ ಕೈಯಾಡಿಸಿದರೆ ಚಿನ್ನ ಸಿಗುತ್ತದೆಂದು ನಮ್ಮೂರಿನ ಅಜ್ಜಿಯರು ಹೇಳುತ್ತಿದ್ದುದು ಸುಳ್ಳಿರಲಿಕ್ಕಿಲ್ಲ.

ಇನ್ನೊಂದು ಸಂಗತಿ. 2020ರ ಮೇ ನಂತರ ವರ್ಷಗಟ್ಟಲೆ ನವಿ ಮುಂಬಯಿ ಪಾಲಿಕೆಯಲ್ಲಿ ನಗರಸೇವಕರೇ ಇರಲಿಲ್ಲ, ಆಡಳಿತಾಧಿಕಾರಿಯದೇ ಕಾರುಬಾರು. ಮೊಣಕಾಲುದ್ದ ನೀರಲ್ಲಿ ಪ್ಯಾಂಟು ಮಡಚಿ ನಿಂತು, ಅಧಿಕಾರಿಯತ್ತ ಬೆರಳು ತೋರಿಸಿ ಫೋಟೋ ತೆಗೆಸಿಕೊಳ್ಳುವ ಕೆಲಸವನ್ನೂ ಆ ವರ್ಷಗಳಲ್ಲಿ ಜನರೇ ಮಾಡಿಕೊಳ್ಳಬೇಕಾಯಿತು.

ಉಲ್ಹಾಸ್ ನದಿಯ ಕಡೆಯವರು ನಮಗಿಂತ ಅದೃಷ್ಟವಂತರು, ಅವರಿಗೆ ಬಣ್ಣಗಳಿವೆ. 25 ವರ್ಷಕ್ಕೊಮ್ಮೆ ಬರುವ ನೆರೆಗೆ ನೀಲಿ ರೇಖೆ, 100 ವರ್ಷಕ್ಕೊಮ್ಮೆ ಬರುವುದಕ್ಕೆ ಕೆಂಪು ರೇಖೆ. ಆ ನದಿಯ ದಂಡೆಯ ಬದ್ಲಾಪುರದವರನ್ನು ಕೇಳಿದರೆ 2005, 2019, 2021 ಎಂದು ಬೆರಳು ಮಡಚುತ್ತಾರೆ. 2019ರ ಜುಲೈಯಲ್ಲಿ ವಾಂಗಣಿ ಬಳಿ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ನೀರಿನ ನಡುವೆ ನಿಂತಾಗ ಸಾವಿರಕ್ಕೂ ಹೆಚ್ಚು ಪ್ರಯಾಣಿಕರನ್ನು ದೋಣಿಯಲ್ಲಿ ಇಳಿಸಿಕೊಂಡರು. ಆ ಗಾಡಿ ಯಾವ ರೇಖೆಯ ಮೇಲೆ ನಿಂತಿತ್ತೋ ಯಾರೂ ಅಳೆಯಲಿಲ್ಲ.

ಬೆಂಗಳೂರಿನ ಭಾವ ಫೋನು ಮಾಡಿದಾಗ ಇದನ್ನೆಲ್ಲ ಹೇಳಿಕೊಂಡೆ. 2022ರ ನೆರೆಯಲ್ಲಿ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಲ್ಯಾಪ್‌ಟಾಪ್ ಎದೆಗವಚಿಕೊಂಡು ಆಫೀಸಿಗೆ ಹೋದವರು ಅವರು. "ನಿಮಗೆ ಸಮುದ್ರವಾದರೂ ಇದೆ ಮಾರಾಯ, ಬೈಯೋಕೆ. ನಮ್ಮದು ಮೂರು ಸಾವಿರ ಅಡಿ ಎತ್ತರ. ಯಾರನ್ನ ಬೈಯೋಣ ಹೇಳು?" ಎಂದರು. ರಾಜಕಾಲುವೆ ಎಂದು ಹೆಸರಿಟ್ಟಿದ್ದೀರಲ್ಲ, ರಾಜನನ್ನು ಬೈಯಿರಿ ಎಂದೆ.

ಮೊನ್ನೆ ಬೆಳಗಿನಿಂದ ಒಂದೇ ಸಮ ಮಳೆ. ಹೋಟೆಲಿಗೆ ಹೋದರೆ ಕುಂದಾಪುರದವರು ಸ್ಟೂಲು ಹತ್ತಿ ಕೆಳಗಿನ ಸಾಲಿನ ಉಪ್ಪಿನಕಾಯಿ ಬರಣಿಗಳನ್ನು ಮೇಲಿನ ಅಟ್ಟಕ್ಕೆ ಏರಿಸುತ್ತಿದ್ದರು.

"ಇವತ್ತು ಉಬ್ಬರ ಎಷ್ಟು ಗಂಟೆಗೆ ಮಾರಾಯ್ರೇ?" ಎಂದೆ.

ತಿರುಗಿ ಗೋಡೆ ನೋಡಿದರು. "ಒಂದೂಮುಕ್ಕಾಲಕ್ಕೆ. ನೀವು ಊಟಕ್ಕೆ ಹನ್ನೆರಡಕ್ಕೇ ಬನ್ನಿ. ಹಾಂ, ಬರುವಾಗ ಆ ಹೊಸ ಬಿಲ್ಡಿಂಗಿನ ಹತ್ತಿರ ನಾಲ್ಕು ಇಟ್ಟಿಗೆ ಸಿಕ್ಕಿದ್ರೆ ತನ್ನಿ."