ಓನರ್ರೂ ಮೇಲಿನ ಅಡುಗೆಮನೆಯೂ

ಬನಶಂಕರಿಯಾಗಲಿ, ರಾಜಾಜಿನಗರವಾಗಲಿ, ಕೆಳಗೆ ತಾವಿದ್ದು ಮೇಲಿನ ಮನೆ ಬಾಡಿಗೆಗೆ ಬಿಟ್ಟಿರುವ ನಿವೃತ್ತರು ಬೆಂಗಳೂರಿನಲ್ಲಿ ರಸ್ತೆಗೊಬ್ಬರಾದರೂ ಸಿಗುತ್ತಾರೆ. ಅವರಿಗೂ ಅಪ್ಪ ಅಮ್ಮ ಇಟ್ಟ ಹೆಸರೊಂದಿದೆ. ಆದರೆ ಹಾಲಿನವನಿಂದ ಹಿಡಿದು ಮೀಟರ್ ನೋಡುವವನವರೆಗೆ ಎಲ್ಲರಿಗೂ ಅವರು ‘ಓನರ್ರು’. ಮೇಲಿನ ಮನೆ ಖಾಲಿಯಾದ ದಿನ ಓನರ್ರ ಮಂಡಿನೋವು ಮಾಯ. ಹೋದವರ ಅಡ್ವಾನ್ಸಿನಲ್ಲಿ ಪೇಂಟಿಂಗಿಗೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಂಡು, ಟೇಪು ಹಿಡಿದು ಸೀದಾ ಅಡುಗೆಮನೆಗೆ ನುಗ್ಗುತ್ತಾರೆ.

‘ಹಾಲ್ ನೋಡಿ ಒಳಗೆ ಬರ್ತಾರೆ, ಕಿಚನ್ ನೋಡಿ ಅಡ್ವಾನ್ಸ್ ಕೊಡ್ತಾರೆ’ ಎಂಬುದು ಅವರ ಸಿದ್ಧಾಂತ. ಹಳೇ ಡೈರಿಯ ಕೊನೆಯ ಪುಟದಲ್ಲಿ ಲೆಕ್ಕವೂ ಸಿದ್ಧ: ಖರ್ಚು 1,80,000, ಬಾಡಿಗೆ ಏರಿಕೆ ತಿಂಗಳಿಗೆ 3,000, 60 ತಿಂಗಳಿಗೆ ಅಸಲು ವಾಪಸ್. ಆಮೇಲೆ ಬರುವುದೆಲ್ಲ ಲಾಭ. ಆದ್ದರಿಂದ ಹಾಕುವ ವಸ್ತು ಇಪ್ಪತ್ತು ವರ್ಷ ಬಾಳಲೇಬೇಕು. ರಿಪೇರಿ ಮಾಡಿಸಿದರೂ ಬಿಟ್ಟರೂ ತೆರಿಗೆ ಇಲಾಖೆ ಬಾಡಿಗೆ ವರಮಾನದಲ್ಲಿ ಶೇ. 30 ಕಳೆದೇ ಲೆಕ್ಕ ಹಾಕುತ್ತದೆ ಎಂಬುದು ಅವರಿಗೆ ಬಾಯಿಪಾಠ. ‘ಹಾಗಿದ್ಮೇಲೆ ರಿಪೇರಿಯೇ ಬರಬಾರ್ದು ನೋಡಿ!’

ಕಡಪ ಕಲ್ಲಿನ ಕಟ್ಟೆಗೆ ಮೊದಲ ಸುತ್ತಿಗೆ ಪೆಟ್ಟು. ಅದು ಸುಣ್ಣದ ಜಾತಿಯ ಕಲ್ಲು, ಹುಳಿ ಬಿದ್ದಲ್ಲಿ ಹೊಳಪು ಹೋಗುತ್ತದೆ. ಗ್ರಾನೈಟ್ ತರಲು ಜಿಗಣಿಗೆ ಹೊರಡುವಾಗ ಓನರ್ರ ಜೇಬಿನಲ್ಲಿ ಅರ್ಧ ನಿಂಬೆಹಣ್ಣು. ಕಲ್ಲಿನ ಮೇಲೆ ಹಿಂಡಿ, ಹತ್ತು ನಿಮಿಷ ಕಾದು, ಒರೆಸಿ, ಕನ್ನಡಕ ಏರಿಸಿ ನೋಡುವಷ್ಟರಲ್ಲಿ ಅಂಗಡಿಯವನೇ ‘ಐದು ರೂಪಾಯಿ ಕಮ್ಮಿ ಮಾಡ್ತೀನಿ, ತಗೊಂಡು ಹೋಗಿ ಸಾರ್’ ಎಂದು ಕೈಮುಗಿಯುತ್ತಾನೆ. ಸಿಂಕು 304 ದರ್ಜೆಯ ಸ್ಟೀಲೇ ಆಗಬೇಕು. ಬೋರಿನ ಉಪ್ಪುನೀರಿಗೆ ತಡೆಯಬೇಕೆಂದು ನಲ್ಲಿ ಹಿತ್ತಾಳೆಯದು. ಕಪಾಟಿಗೆ ನೀರು ತಡೆಯುವ ಮೆರೀನ್ ಪ್ಲೈವುಡ್ಡು. ಹಲಗೆಯ ಮೇಲೆ ಐಎಸ್ 710 ಎಂಬ ಮುದ್ರೆ ಕಾಣುವವರೆಗೆ ಬಡಗಿಗೆ ಕಾಫಿ ಇಲ್ಲ. ಟೈಲ್ಸಿನ ಸಂದಿಗೆ ಎಪಾಕ್ಸಿ, ಅರಿಸಿನ ಹಿಡಿಯಬಾರದು.

ಇಷ್ಟೆಲ್ಲ ನಡೆಯುವಾಗ ಕೆಳಗಿನ ಮನೆಯಲ್ಲಿ ಓನರ್ರ ಹೆಂಡತಿ ಬಟ್ಟೆ ಸುತ್ತಿದ ನಲ್ಲಿಯಡಿ ಪಾತ್ರೆ ತೊಳೆಯುತ್ತಿರುತ್ತಾರೆ. ಅಲ್ಲಿನ ಕಪಾಟಿನ ಬಾಗಿಲನ್ನು ಗೆದ್ದಲು ಎಂದೋ ತಿಂದು ಮುಗಿಸಿದೆ, ಈಗ ಹಳೇ ಸೀರೆಯ ಪರದೆ. ಮೇಲಿನಿಂದ ಕಿತ್ತ ಸಿಂಕನ್ನಾದರೂ ಕೆಳಗೆ ಹಾಕಿಸಿ ಎಂದರೆ, ‘ಅದನ್ನ ಗುಜರಿಯವನು ಆರುನೂರಕ್ಕೆ ಕೇಳಿದ್ದಾನೆ ಕಣೇ’ ಎಂದು ಉತ್ತರ.

ಹೊಸ ಅಡುಗೆಮನೆ ಸಿದ್ಧವಾದರೆ ಕಷ್ಟ ಮನೆ ಕೇಳಿ ಬಂದವರಿಗೆ. ಸಂಸಾರಸ್ಥರು ನೋಡಲು ಬಂದರೆ ಓನರ್ರ ಕಣ್ಣಿಗೆ ಕಾಣುವುದು ಕುಕ್ಕರಿನ ತಳ. ‘ಕಟ್ಟೆ ಮೇಲೆ ತೆಂಗಿನಕಾಯಿ ಒಡೀತೀರಾ? ಬಿಸಿ ಬಾಣಲೆ ಇಡ್ತೀರಾ? ವಾರಕ್ಕೆ ಎಷ್ಟು ಸಲ ಎಣ್ಣೇಲಿ ಕರೀತೀರಿ?’ ಹಪ್ಪಳ ಎಂದು ಬಾಯಿಬಿಟ್ಟ ಅಜ್ಜಿಯೊಬ್ಬರಿಗೆ ಗೇಟಿನವರೆಗೂ ಬೀಳ್ಕೊಡುಗೆ. ಕೊನೆಗೆ ಮನೆ ಸಿಕ್ಕುವುದು ಐಟಿ ಹುಡುಗರಿಬ್ಬರಿಗೆ. ಅವರು ಒಲೆಯನ್ನೇ ತಂದಿಲ್ಲ. ಮೂರು ಹೊತ್ತೂ ಊಟ ಸ್ಕೂಟರಿನಲ್ಲಿ ಬರುತ್ತದೆ. ಬ್ಯಾಚಲರ್‌ಗಳಿಗೆ ಕೊಡುವುದಿಲ್ಲವೆಂಬ ಮೂವತ್ತು ವರ್ಷದ ನಿಯಮ ಅಲ್ಲಿಗೆ ಸಡಿಲ. ‘ಕಿಚನ್ನು ಹಾಗೇ ಇದೆ, ಹೊಸದರ ಹಾಗೆ!’ ಎಂದು ಓನರ್ರು ವಾಕಿಂಗ್ ಗೆಳೆಯರೆದುರು ಬೀಗುತ್ತಾರೆ. ಇಪ್ಪತ್ತು ವರ್ಷ ಬಾಳಿಕೆ ಬರುವ ಅಡುಗೆಮನೆಯ ಗುಟ್ಟು ಅವರಿಗೆ ಸಿಕ್ಕಿಬಿಟ್ಟಿದೆ: ಅಲ್ಲಿ ಯಾರೂ ಅಡುಗೆ ಮಾಡಬಾರದು.

ಹನ್ನೊಂದು ತಿಂಗಳ ಕರಾರು ಮುಗಿದು ಹುಡುಗರು ಪುಣೆಗೆ ಹೊರಟರು. ಗೇಟಿಗೆ ಮತ್ತೆ ಟು-ಲೆಟ್ ಬೋರ್ಡು ಬಿತ್ತು. ಅಂದು ರಾತ್ರಿ ಊಟಕ್ಕೆ ಬಡಿಸುತ್ತ ಹೆಂಡತಿ ಕೇಳಿದರು:

‘ಏನ್ರೀ, ಮೇಲಿನ ಮನೆ ಖಾಲಿ ಇದೆಯಂತಲ್ಲ. ಒಬ್ಬಳೇ ಹೆಂಗಸು, ವೆಜಿಟೇರಿಯನ್ನು, ಕಾಯಿ ಹೊರಗೇ ಒಡೀತೀನಿ. ಕೊಡ್ತೀರಾ?’

ಓನರ್ರು ಸಾರನ್ನ ಕಲೆಸುತ್ತ, ತಲೆ ಎತ್ತದೆ ಅಂದರು: ‘ಹತ್ತು ತಿಂಗಳ ಅಡ್ವಾನ್ಸ್ ಆಗುತ್ತಮ್ಮ.’